ಮನೆ ಸುಟ್ಟ ಮೇಲೆ ಬರೆದ ಕವಿತೆ: ಪ್ಯೂರಿಟನ್ನರು ನಿಜವಾಗಿ ಏನು ನಂಬಿದ್ದರು?

ಮಲಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎ. ಇಂಗ್ಲಿಷ್ ಮೊದಲ ವರ್ಷ ಓದುತ್ತಿದ್ದೇನೆ. ನಮ್ಮೂರು ನರಗುಂದ ತಾಲೂಕಿನಲ್ಲಿ, ಮಲಪ್ರಭಾ ಹೊಳೆಯ ದಂಡೆಗೆ. ಈ ಸಲ ಅಮೆರಿಕನ್ ಸಾಹಿತ್ಯದ ಪೇಪರ್‌ನಲ್ಲಿ ಪ್ಯೂರಿಟನ್ ಕಾಲದ ಬರಹ ಇದೆ, ಅಂದರೆ ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಕಟ್ಟಾ ಕ್ರೈಸ್ತರದ್ದು. ನನ್ನ ಹತ್ತಿರ ಇರುವ ನೋಟ್ಸ್ ಎರಡೇ ಪುಟ. ಕ್ಯಾಲ್ವಿನ್ ಎಂಬ ಕ್ರೈಸ್ತ ಸುಧಾರಕನ ಪಂಥದ ಐದು ತತ್ವ, ಸರಳ ಶೈಲಿ, ದೇವರ ಭಯ, ನಾಟಕಕ್ಕೆ ವಿರೋಧ, ಅಷ್ಟೇ. ಬಾಯಿಪಾಠ ಮಾಡಿದರೆ ಪಾಸಾಗುತ್ತೇನೆ. ಆದರೆ ಒಂದು ಕವಿತೆ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬರೆದವಳು ಆ್ಯನ್ ಬ್ರಾಡ್‌ಸ್ಟ್ರೀಟ್. 1666ರ ಜುಲೈ 10ರ ರಾತ್ರಿ ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಆಕೆಯ ಮನೆ ಸುಟ್ಟು ಹೋಯಿತು. ಬೆಂಕಿ ಬೆಂಕಿ ಎಂಬ ಕೂಗಿಗೆ ಎಚ್ಚರಾಗುತ್ತಾಳೆ. ಹೊರಗೆ ಓಡಿ ಬರುತ್ತಾಳೆ. ಮನೆ ಉರಿಯುವುದನ್ನು ನೋಡಲಾಗದ ಹಂತಕ್ಕೆ ಬಂದಾಗ, ಕೊಟ್ಟು ಮತ್ತೆ ತೆಗೆದುಕೊಂಡ ದೇವರ ಹೆಸರನ್ನು ಕೊಂಡಾಡುತ್ತಾಳೆ. ಅವನದ್ದು ಅವನು ಒಯ್ದ, ನನ್ನದೇನಿತ್ತು ಅನ್ನುತ್ತಾಳೆ.

ಅಲ್ಲಿಗೇ ಮುಗಿದಿದ್ದರೆ ನನಗೆ ಏನೂ ಅನಿಸುತ್ತಿರಲಿಲ್ಲ. ಆಮೇಲೆ ಆಕೆ ಆ ಬೂದಿಯ ಹತ್ತಿರ ಹಾದು ಹೋಗುವಾಗ ಕಣ್ಣು ಅತ್ತ ತಿರುಗುತ್ತದೆ. ಇಲ್ಲಿ ಆ ಪೆಟ್ಟಿಗೆ ಇತ್ತು. ಅಲ್ಲಿ ಆ ಸಂದೂಕ ಇತ್ತು. ಇನ್ನು ಈ ಸೂರಿನ ಕೆಳಗೆ ಬೀಗರು ಬಿಜ್ಜರು ಕೂರುವುದಿಲ್ಲ, ಊಟ ಮಾಡುವುದಿಲ್ಲ, ದೀಪ ಹತ್ತುವುದಿಲ್ಲ. ಹೀಗೆ ಒಂದೊಂದೇ ಹೇಳುತ್ತಾ ಹೋಗಿ, ಕೊನೆಗೆ ತನ್ನ ಮನಸ್ಸನ್ನು ತಾನೇ ಬೈದುಕೊಳ್ಳುತ್ತಾಳೆ. ಮೇಲೆ ದೇವರು ಕಟ್ಟಿದ ಮನೆ ಇದೆ, ನಿನ್ನ ಸಂಪತ್ತು ಅಲ್ಲಿದೆ ಅಂತ.

2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ನಮ್ಮ ಅಜ್ಜಿಯ ಮಣ್ಣಿನ ಮನೆ ಬಿತ್ತು. ನಾವೆಲ್ಲ ಶಾಲೆಯ ಪರಿಹಾರ ಕೇಂದ್ರದಲ್ಲಿ ಇದ್ದೆವು. ನೀರು ಇಳಿದ ಮೇಲೆ ಅಜ್ಜಿಯನ್ನು ಕರೆದುಕೊಂಡು ಹೋದೆ. ಆಕೆ ಅಳಲಿಲ್ಲ. "ಕೊಟ್ಟಾಂವನೂ ಅವನ, ಒಯ್ದಾಂವನೂ ಅವನ" ಅಂದಳು. ಆಮೇಲೆ ಕೆಸರಿನಲ್ಲಿ ನಿಂತು ಕೈ ಮಾಡಿ ತೋರಿಸತೊಡಗಿದಳು. ಇಲ್ಲಿ ಒಲಿ ಇತ್ತು. ಇಲ್ಲಿ ನೆಲುವು. ಇಲ್ಲಿ ನಿಮ್ಮಜ್ಜ ತಂದ ಟ್ರಂಕು, ಅದರಾಗ ಕೌದಿ. ಬೀಸುಕಲ್ಲಿನ ಜಾಗಕ್ಕೆ ಬಂದಾಗ ಮಾತು ನಿಂತಿತು.

ಕವಿತೆ ಓದುವಾಗ ನನಗೆ ಆ ದಿನ ಕಣ್ಣ ಮುಂದೆ ಬಂತು. ನನ್ನ ಪ್ರಶ್ನೆ ಇದು. ಬ್ರಾಡ್‌ಸ್ಟ್ರೀಟ್ ನಿಜವಾಗಿ ನಂಬಿದ್ದಳಾ? ಅಥವಾ ಊರಿನವರ, ಚರ್ಚಿನ ಭಯಕ್ಕೆ ಕೊನೆಯ ಸಾಲುಗಳನ್ನು ಸೇರಿಸಿದಳಾ? ಆ ಐದು ತತ್ವಕ್ಕೂ ಈ ಪೆಟ್ಟಿಗೆ ಸಂದೂಕಗಳಿಗೂ ಏನು ಸಂಬಂಧ? ತಿಳಿದವರು ದಯವಿಟ್ಟು ಹೇಳಿ.

ಮಾಳಮಡ್ಡಿ ಮಾಸ್ತರ

ತಂಗಿ, ನಿನ್ನ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಮೂವತ್ತೊಂದು ವರ್ಷ ಡಿಗ್ರಿ ಕಾಲೇಜಿನಲ್ಲಿ ಈ ಪಾಠ ಮಾಡಿದ್ದೇನೆ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದು.

ಮೊದಲು ಆ ಐದು ತತ್ವಗಳನ್ನು ಪಕ್ಕಕ್ಕೆ ಇಡು. ಅವು 1618-19ರಲ್ಲಿ ಹಾಲೆಂಡಿನ ಡಾರ್ಟ್ ಊರಿನಲ್ಲಿ ಸೇರಿದ ಧರ್ಮಸಭೆ ವಾದ ಬಗೆಹರಿಸಲು ಮಾಡಿದ ತೀರ್ಮಾನಗಳು. ತೀರ್ಮಾನಗಳಿಂದ ಯಾರೂ ಕವಿತೆ ಬರೆಯುವುದಿಲ್ಲ. ಅವರೆಲ್ಲ ಒಂದು ಪ್ರಶ್ನೆ ಇಟ್ಟುಕೊಂಡು ಮಲಗುತ್ತಿದ್ದರು, ಅದೇ ಪ್ರಶ್ನೆ ಇಟ್ಟುಕೊಂಡು ಏಳುತ್ತಿದ್ದರು. "ದೇವರು ಆರಿಸಿದವರಲ್ಲಿ ನಾನು ಇದ್ದೇನಾ?" ಅಲ್ಲಿಂದ ಶುರು ಮಾಡು.

ಅವರ ನಂಬಿಕೆ ಹೀಗಿತ್ತು. ಆದಾಮನ ಪಾಪ ಎಲ್ಲರ ಮೇಲೂ ಇದೆ. ಯಾರೂ ತಮ್ಮ ಪುಣ್ಯದಿಂದ ಉಳಿಯಲಾರರು. ಯಾರನ್ನು ಉಳಿಸಬೇಕು ಅಂತ ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನಿಸಿದ್ದಾನೆ. ಪೂಜೆ, ದಾನ, ಉಪವಾಸ ಯಾವುದೂ ಅದನ್ನು ಬದಲಿಸುವುದಿಲ್ಲ. ಆದರೆ ಆರಿಸಿಕೊಂಡವರ ಬದುಕಿನಲ್ಲಿ ಅವನ ಕೃಪೆಯ ಗುರುತು ಕಾಣುತ್ತದೆ. ಆ ಗುರುತನ್ನು ನಿನ್ನಲ್ಲಿ ನೀನೇ ಹುಡುಕಬೇಕು.

ಈಗ ಯೋಚಿಸು. ಫಲಿತಾಂಶ ಆಗಲೇ ಬರೆದಾಗಿದೆ, ಆದರೆ ಯಾರಿಗೂ ಹೇಳಿಲ್ಲ. ಆಗ ಮನುಷ್ಯ ಏನು ಮಾಡುತ್ತಾನೆ? ದಿನದಿನವೂ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುತ್ತಾನೆ. ಅದಕ್ಕೇ ಅವರಲ್ಲಿ ಅಷ್ಟೊಂದು ಡೈರಿಗಳು. ನಮ್ಮ ತಂದೆಯವರು ಹುಬ್ಬಳ್ಳಿಯ ಕಾಳಿನ ಅಡತಿಯಲ್ಲಿ ಗುಮಾಸ್ತರಾಗಿದ್ದರು. ರಾತ್ರಿ ಎಷ್ಟೇ ಹೊತ್ತಾಗಲಿ, ಕಿರ್ದಿ ಬರೆದು ಜಮಾ ಖರ್ಚು ಕೂಡಿಸದೆ ಊಟಕ್ಕೆ ಕೂರುತ್ತಿರಲಿಲ್ಲ. ಪ್ಯೂರಿಟನ್ನರು ಆತ್ಮದ ಕಿರ್ದಿ ಬರೆದರು. ಇವತ್ತು ಕೋಪ ಮಾಡಿದೆ, ಪ್ರಾರ್ಥನೆಯಲ್ಲಿ ಮನಸ್ಸು ಅಲ್ಲಾಡಿತು, ಮಗುವಿಗೆ ಜ್ವರ ಬಿಟ್ಟಿತು. ಎಲ್ಲವೂ ದಾಖಲಾಗಬೇಕು. ಏಕೆಂದರೆ ಯಾವುದರಲ್ಲಿ ದೇವರ ಗುರುತು ಇದೆಯೋ ಗೊತ್ತಿಲ್ಲ. ಮಳೆ ಬಂದರೂ ಅವನ ಮಾತು, ಮನೆ ಸುಟ್ಟರೂ ಅವನ ಮಾತು. ಸ್ಯಾಮ್ಯುಯೆಲ್ ಸೀವಲ್ ಎಂಬ ನ್ಯಾಯಾಧೀಶ 1674ರಿಂದ 1729ರವರೆಗೆ ಡೈರಿ ಬರೆದ. ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚಿನ ಪೂರ್ಣ ಸದಸ್ಯರಾಗಬೇಕಾದರೆ, ಕೃಪೆ ತನ್ನನ್ನು ಹೇಗೆ ಮುಟ್ಟಿತು ಅಂತ ಆ ಮನುಷ್ಯ ತನ್ನ ಬಾಯಿಂದಲೇ ಹೇಳಬೇಕಿತ್ತು. ತನ್ನ ಕಥೆ ತಾನು ಹೇಳುವ ಅಭ್ಯಾಸ ಇಡೀ ಊರಿಗೇ ಹತ್ತಿತು.

ಇನ್ನು ಇವರು ಯಾರು ಅಂತ ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಚರ್ಚು ರೋಮ್‌ನಿಂದ ಬೇರೆಯಾದ ಮೇಲೂ ಹಳೆಯ ಪದ್ಧತಿಗಳು ಉಳಿದಿವೆ, ಅವನ್ನು ತೊಳೆಯಬೇಕು ಅಂದವರು. ಬೈಬಲ್‌ನಲ್ಲಿ ಇಲ್ಲದ್ದು ಬೇಡ ಅನ್ನುವುದು ಅವರ ಹಟ. ಕ್ರಿಸ್‌ಮಸ್‌ಗೂ ಬೈಬಲ್ ಆಧಾರ ಇಲ್ಲ ಅಂತ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಅದನ್ನು ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದವರಲ್ಲಿ ಅನೇಕರು ಚರ್ಚನ್ನೇ ಬಿಟ್ಟು ಬೇರೆಯಾದವರು. 102 ಜನ ಹೋದರು, ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧ ಜನ ಸತ್ತರು. 1630ರಲ್ಲಿ ಜಾನ್ ವಿಂತ್ರಾಪ್‌ನ ಜೊತೆ ದೊಡ್ಡ ಗುಂಪು ಹೋಯಿತು. ನಿನ್ನ ಬ್ರಾಡ್‌ಸ್ಟ್ರೀಟ್ ಹೋದದ್ದು ಈ ಗುಂಪಿನಲ್ಲಿ, ಅಪ್ಪ ಮತ್ತು ಗಂಡನ ಜೊತೆ. ಆಗ ಆಕೆಗೆ ಸುಮಾರು ಹದಿನೆಂಟು ವಯಸ್ಸು.

ಈಗ ನಿನ್ನ ಪೆಟ್ಟಿಗೆ ಸಂದೂಕಗಳಿಗೆ ಬರೋಣ. ನೋಟ್ಸ್‌ನಲ್ಲಿ ಬರದ ಒಂದು ನಂಬಿಕೆ ಇದೆ, ನಿನ್ನ ಕವಿತೆಯ ಬೀಗದಕೈ ಅದು. ಲೋಕದ ಮೇಲಿನ ಪ್ರೀತಿಯನ್ನು ಮಗುವಿಗೆ ಮೊಲೆ ಬಿಡಿಸಿದ ಹಾಗೆ ಬಿಡಿಸಬೇಕು ಅಂತ ಅವರು ಹೇಳುತ್ತಿದ್ದರು. ಪ್ರೀತಿಯೇ ತಪ್ಪು ಅಂತ ಹೇಳಲಿಲ್ಲ ನೋಡು. ಗಂಡ, ಮಕ್ಕಳು, ಮನೆ ಎಲ್ಲ ದೇವರೇ ಕೊಟ್ಟದ್ದು, ಪ್ರೀತಿಸಲೇಬೇಕು. ಆದರೆ ಅವನಿಗಿಂತ ಜಾಸ್ತಿ ಪ್ರೀತಿಸಬಾರದು. ಆ ಅಳತೆ ಹಿಡಿಯುವುದೇ ಕಷ್ಟ.

ಬ್ರಾಡ್‌ಸ್ಟ್ರೀಟ್ ಎಂಟು ಮಕ್ಕಳ ತಾಯಿ. ಮಗನಿಗಾಗಿ ಬರೆದ ಚಿಕ್ಕ ಚಿಕ್ಕ ಗದ್ಯ ತುಣುಕುಗಳಲ್ಲಿ ಇದನ್ನೇ ಬರೆದಿದ್ದಾಳೆ. ಕೆಲವು ಮಕ್ಕಳಿಗೆ ಮೊಲೆ ಬಿಡಿಸುವುದು ಬಹಳ ಕಷ್ಟ, ಕಹಿ ಸೊಪ್ಪನ್ನೋ ಸಾಸಿವೆಯನ್ನೋ ಹಚ್ಚಿದರೂ ಒರೆಸಿ ಹಾಕಿ ಕುಡಿಯುತ್ತವೆ, ಇಲ್ಲವೆಂದರೆ ಸಿಹಿ ಕಹಿ ಎರಡನ್ನೂ ಕೂಡಿಸಿ ಕುಡಿಯುತ್ತವೆ ಅಂತ. ಕೆಲವು ಭಕ್ತರೂ ಹಾಗೇ ಅನ್ನುತ್ತಾಳೆ. ನಮ್ಮ ಮನೆಗಳಲ್ಲಿ ಬೇವು ಹಚ್ಚುತ್ತಾರಲ್ವಾ? ನಿಮ್ಮ ಅಜ್ಜಿಗೆ ಈ ಮಾತು ಕೂಡಲೇ ತಿಳಿಯುತ್ತದೆ.

ಆ ಬೆಂಕಿಯೇ ಬೇವು. ಆ ಕವಿತೆಯಲ್ಲಿ ಆಕೆ ಸಿಹಿ ಕಹಿ ಎರಡನ್ನೂ ಕೂಡಿಸಿ ಕುಡಿಯುತ್ತಿದ್ದಾಳೆ.

ನಂಬಿದ್ದಳಾ ಅಂತ ಕೇಳಿದೆ. ಕೊನೆಯ ಎರಡು ಸಾಲನ್ನು ಇನ್ನೊಮ್ಮೆ ಓದು. ತನ್ನ ಸಂಪತ್ತು ಮೇಲೆ ಇದೆ ಅನ್ನುವ ಮೊದಲು, ಇನ್ನು ಈ ಲೋಕವನ್ನು ನಾನು ಪ್ರೀತಿಸದಂತೆ ಮಾಡು ಅನ್ನುತ್ತಾಳೆ. ಅದು ಬೇಡಿಕೆ. ಪ್ರೀತಿ ಆಗಲೇ ಹೋಗಿದ್ದರೆ ಯಾರಾದರೂ ಬೇಡಿಕೊಳ್ಳುತ್ತಾರಾ? ಸುಳ್ಳು ನಂಬಿಕೆಯವರು "ಬಿಟ್ಟೆ" ಅಂತ ಬರೆಯುತ್ತಿದ್ದರು. ಈಕೆ "ಬಿಡಿಸು" ಅಂತ ಬರೆದಳು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಜನರ ಭಯಕ್ಕೆ ಬರೆದಳಾ ಅನ್ನುವುದಕ್ಕೂ ಉತ್ತರ ಇದೆ. ಈ ಕವಿತೆ ಆಕೆ ಬದುಕಿರುವಾಗ ಅಚ್ಚಾಗಲೇ ಇಲ್ಲ. ಒಂದು ಬಿಡಿ ಹಾಳೆಯಲ್ಲಿ ಇತ್ತು, ಮಗ ನಕಲು ಮಾಡಿ ಇಟ್ಟ. ಅಚ್ಚಾದದ್ದು 1867ರಲ್ಲಿ. ಮಕ್ಕಳಿಗೆ ಬರೆದ ಒಂದು ಪತ್ರವೂ ಇದೆ, ಅದನ್ನು ಹುಡುಕಿ ಓದು. ಹೊಸ ದೇಶ ಕಂಡಾಗ ಮನಸ್ಸು ತಿರುಗಿಬಿತ್ತು, ಆಮೇಲೆ ಇದು ದೇವರ ದಾರಿ ಅಂತ ತಿಳಿದು ಒಪ್ಪಿಕೊಂಡೆ ಅನ್ನುತ್ತಾಳೆ. ದೇವರು ಇದ್ದಾನೋ ಇಲ್ಲವೋ, ಬೈಬಲ್ ನಿಜವೋ ಅಲ್ಲವೋ ಅನ್ನುವ ಅನುಮಾನ ಎಷ್ಟೋ ಸಲ ಕಾಡಿದೆ ಅಂತಲೂ ಬರೆಯುತ್ತಾಳೆ. ತನ್ನ ಹೊಟ್ಟೆಯ ಮಕ್ಕಳಿಗೆ ಇಷ್ಟು ನಿಜ ಹೇಳುವ ಹೆಂಗಸು ಬಿಡಿ ಹಾಳೆಯ ಮೇಲೆ ಯಾರಿಗಾಗಿ ಸುಳ್ಳು ಬರೆಯುತ್ತಾಳೆ?

ರಾಟಿ ಬೆಂಗೇರಿ

ಮಾಸ್ತರ್ ಬರೆದದ್ದು ಓದಿ ಕಣ್ಣು ತುಂಬಿತು. ನನ್ನದೂ ಒಂದು ಮಾತು ಸೇರಿಸುತ್ತೇನೆ.

ನಾನು ಹುಬ್ಬಳ್ಳಿಯ ಬೆಂಗೇರಿಯವಳು. ನಮ್ಮ ಅವ್ವ ಖಾದಿ ನೂಲುತ್ತಿದ್ದಳು. ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. ನಾನೂ ಸೂಟಿಯಲ್ಲಿ ರಾಟಿಯ ಮುಂದೆ ಕೂತಿದ್ದೇನೆ. ಹಂಜಿ ಹಿಡಿಯುವ ಬೆರಳು ಸ್ವಲ್ಪ ಬಿಗಿಯಾದರೆ ಎಳೆ ಹರಿಯುತ್ತದೆ, ಸಡಿಲಾದರೆ ದಪ್ಪ ಬರುತ್ತದೆ. ಅವ್ವ ನನ್ನ ಲಡಿ ನೋಡಿ ಏನೂ ಹೇಳದೆ ಬಿಚ್ಚಿ ಬಿಡುತ್ತಿದ್ದಳು.

ಡಿಗ್ರಿಯಲ್ಲಿ ಎಡ್ವರ್ಡ್ ಟೇಲರ್ ಎಂಬ ಪ್ಯೂರಿಟನ್ ಕವಿಯ ಒಂದು ಕವಿತೆ ಇತ್ತು. ನೂಲುವುದು, ನೇಯುವುದು ಅದರ ವಿಷಯ. ಟೇಲರ್ ವೆಸ್ಟ್‌ಫೀಲ್ಡ್ ಎಂಬ ಗಡಿಯ ಊರಿನಲ್ಲಿ ಪಾದ್ರಿ, ಅಲ್ಲಿನ ವೈದ್ಯನೂ ಅವನೇ. ಕವಿತೆಯ ಮೊದಲ ಸಾಲಿನಲ್ಲೇ, ದೇವರೇ, ನನ್ನನ್ನು ನಿನ್ನ ರಾಟಿ ಮಾಡು ಅನ್ನುತ್ತಾನೆ. ಹಂಜಿ ಸಿಕ್ಕಿಸುವ ಕೋಲು ನಿನ್ನ ವಾಕ್ಯ ಆಗಲಿ. ನೂಲಿಗೆ ಹುರಿ ಕೊಡುವ ಭಾಗ ನನ್ನ ಭಾವನೆಗಳಾಗಲಿ. ನೂಲು ಸುತ್ತುವ ಉರುಳೆ ನನ್ನ ಆತ್ಮ ಆಗಲಿ. ಆಮೇಲೆ ನನ್ನನ್ನು ಮಗ್ಗ ಮಾಡು, ಪವಿತ್ರಾತ್ಮ ಕಂಡಿಕೆ ಸುತ್ತಲಿ, ನೀನೇ ನೇಯಿ. ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ಬಡಿದು ಗಟ್ಟಿ ಮಾಡುವ ಗಿರಣಿಯೂ ಬರುತ್ತದೆ, ಬಣ್ಣವೂ ಬರುತ್ತದೆ. ಕೊನೆಗೆ ಆ ಬಟ್ಟೆಯನ್ನು ನನ್ನ ಬುದ್ಧಿಗೆ, ನೆನಪಿಗೆ, ಮಾತಿಗೆ, ನಡತೆಗೆ ತೊಡಿಸು ಅನ್ನುತ್ತಾನೆ.

ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಇದು ಕಷ್ಟದ ಕವಿತೆ. ನನಗೆ ಒಂದು ಪದಕ್ಕೂ ಅರ್ಥ ನೋಡಬೇಕಾಗಲಿಲ್ಲ. ಬಟ್ಟೆ ತಾನಾಗಿ ತಯಾರಾಗುವುದಿಲ್ಲ. ರಾಟಿ ತಾನಾಗಿ ತಿರುಗುವುದಿಲ್ಲ. ಟೇಲರ್ ತನಗಾಗಿ ಏನನ್ನೂ ಇಟ್ಟುಕೊಂಡಿಲ್ಲ, ಎಲ್ಲ ಕೆಲಸವನ್ನೂ ದೇವರ ಕೈಗೆ ಕೊಟ್ಟಿದ್ದಾನೆ. ಮಾಸ್ತರ್ ಹೇಳಿದ, ತನ್ನ ಪುಣ್ಯದಿಂದ ಯಾರೂ ಉಳಿಯಲಾರರು ಅನ್ನುವ ನಂಬಿಕೆ ಇಲ್ಲಿ ರಾಟಿಯಾಗಿ ಕೂತಿದೆ.

ಓದುವಾಗ ಬಸವಣ್ಣನವರು ನೆನಪಾಗದೆ ಇರಲು ಸಾಧ್ಯವೇ ಇಲ್ಲ. ನನ್ನ ಕಾಯವನ್ನು ದಂಡಿಗೆ ಮಾಡು, ಶಿರವನ್ನು ಸೋರೆ ಮಾಡು, ನರವನ್ನು ತಂತಿ ಮಾಡು ಅಂತ ಕೂಡಲಸಂಗಮದೇವನಿಗೆ ಹೇಳುವ ವಚನ. ಐದು ನೂರು ವರ್ಷದ ಅಂತರ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ, ಬೇಡಿಕೆ ಒಂದೇ. ಇನ್ನೊಂದು ವಿಷಯ. ಟೇಲರ್‌ನ ಹಸ್ತಪ್ರತಿ ಯೇಲ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸುಮ್ನೆ ಬಿದ್ದಿತ್ತು. 1937ರಲ್ಲಿ ಥಾಮಸ್ ಜಾನ್ಸನ್ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು. ಪ್ರಭುಭೋಜನ ಸಂಸ್ಕಾರ ನಡೆಸುವ ಮೊದಲು ಮನಸ್ಸನ್ನು ಸಿದ್ಧ ಮಾಡಿಕೊಳ್ಳಲು ಟೇಲರ್ 1682ರಿಂದ 1725ರವರೆಗೆ ಇನ್ನೂರಕ್ಕೂ ಹೆಚ್ಚು ಕವಿತೆ ಬರೆದಿದ್ದ. ಆ ಮನುಷ್ಯ ಯಾವ ಓದುಗರನ್ನೂ ಹುಡುಕಿಕೊಂಡು ಹೋಗಲಿಲ್ಲ.

ಹಾವೇರಿ ಓದುಗ

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ನನಗೆ ಒಂದು ನೋವು ಇದೆ, ಹೇಳಿಬಿಡುತ್ತೇನೆ.

ಅಕ್ಕಾರ, ವಚನದ ಜೊತೆ ಹೋಲಿಸುವಾಗ ಸ್ವಲ್ಪ ನಿಲ್ಲೋಣ. ಬಸವಣ್ಣನವರು ಯಾರನ್ನೂ "ಇವನಾರವ" ಅನ್ನಬೇಡ, "ಇವ ನಮ್ಮವ" ಅನ್ನು ಎಂದರು. ಪ್ಯೂರಿಟನ್ನರ ಚರ್ಚಿನ ಬಾಗಿಲಲ್ಲಿ ಪರೀಕ್ಷೆ ಇತ್ತು. ಲೋಕ ಹುಟ್ಟುವ ಮೊದಲೇ ಕೆಲವರನ್ನು ಆರಿಸಿ ಉಳಿದವರನ್ನು ಬಿಟ್ಟ ದೇವರು ಶರಣರ ದೇವರಲ್ಲ. ಕಾಯಕವನ್ನೂ ಇವರ ಕಸುಬಿನ ಶ್ರದ್ಧೆಯನ್ನೂ ಒಂದೇ ಅಂತ ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ಕೆಲಸ ದೇವರ ಕರೆ ಅನ್ನುವುದು ಇಬ್ಬರಲ್ಲೂ ಇದೆ, ನಿಜ. ಆದರೆ ಕಾಯಕದ ಜೊತೆ ದಾಸೋಹ ಇದೆ, ಕಾಯಕದಲ್ಲಿ ಮೇಲು ಕೀಳು ಇಲ್ಲ ಅನ್ನುವ ಮಾತಿದೆ. ವಿಂತ್ರಾಪ್ ತನ್ನ ಜನರಿಗೆ ಮಾಡಿದ ಉಪದೇಶ ಶುರುವಾಗುವುದೇ, ಬಡವ ಬಲ್ಲಿದ ಅಂತ ದೇವರೇ ಮಾಡಿದ್ದಾನೆ ಅನ್ನುವುದರಿಂದ.

ತಮ್ಮ ನಂಬಿಕೆಗೆ ಜಾಗ ಬೇಕು ಅಂತ ಸಮುದ್ರ ದಾಟಿದವರು ಬೇರೆಯವರಿಗೆ ಜಾಗ ಕೊಟ್ಟರಾ? ಆ್ಯನ್ ಹಚಿನ್‌ಸನ್ ಮನೆಯಲ್ಲಿ ಹೆಂಗಸರನ್ನು ಕೂಡಿಸಿ ಧರ್ಮದ ಮಾತಾಡಿದಳು. ಪಾದ್ರಿಗಳನ್ನು ಪ್ರಶ್ನೆ ಮಾಡಿದಳು. 1637ರಲ್ಲಿ ವಿಚಾರಣೆ ಮಾಡಿ ಗಡೀಪಾರು ಮಾಡಿದರು. ಮೇರಿ ಡಯರ್ ಕ್ವೇಕರ್ ಎಂಬ ಬೇರೆ ಕ್ರೈಸ್ತ ಪಂಥ ಸೇರಿ ತಿರುಗಿ ಬಂದದ್ದಕ್ಕೆ 1660ರಲ್ಲಿ ಬಾಸ್ಟನ್‌ನಲ್ಲಿ ಗಲ್ಲಿಗೆ ಹಾಕಿದರು. ಅದೇ 1637ರಲ್ಲಿ ಪೀಕ್ವಾಟ್ ಎಂಬ ಮೂಲ ನಿವಾಸಿ ಜನರ ಕೋಟೆಗೆ ಬೆಂಕಿ ಇಟ್ಟು ಹೆಂಗಸರು ಮಕ್ಕಳನ್ನೂ ಸುಟ್ಟರು. ಅದೂ ದೇವರ ಕೆಲಸ ಅಂತಲೇ ಬರೆದುಕೊಂಡರು. ಮಲಪ್ರಭಾ ತಂಗಿ, ಒಂದು ಮನೆ ಸುಟ್ಟದ್ದಕ್ಕೆ ಕವಿತೆ ಇದೆ. ಆ ಮನೆಗಳಿಗೆ ಕವಿತೆ ಇಲ್ಲ. ಇದನ್ನೂ ಪಕ್ಕಕ್ಕೆ ಇಟ್ಟುಕೊಂಡು ಓದಬೇಕು ಅಂತ ನನ್ನ ವಿನಂತಿ.

ಮಾಳಮಡ್ಡಿ ಮಾಸ್ತರ

ಹಾವೇರಿಯವರೇ, ನೀವು ಹೇಳಿದ ಒಂದು ಮಾತನ್ನೂ ನಾನು ತಳ್ಳಿ ಹಾಕುವುದಿಲ್ಲ. ಆ ಕೊನೆಯ ಮಾತು ನನ್ನ ಪಾಠದಲ್ಲಿ ಇರಬೇಕಿತ್ತು. ಇರಲಿಲ್ಲ. ಅದು ನನ್ನ ಕೊರತೆ.

ತಾವು ದೇವರು ಆರಿಸಿದ ಜನ ಅನ್ನುವ ನಂಬಿಕೆ ಒಳಗೆ ತಿರುಗಿದಾಗ ಡೈರಿಯಾಯಿತು, ಹೊರಗೆ ತಿರುಗಿದಾಗ ಗಡೀಪಾರಾಯಿತು. ಮೈಕೆಲ್ ವಿಗಲ್ಸ್‌ವರ್ತ್ ಎಂಬ ಪಾದ್ರಿ 1662ರಲ್ಲಿ ಕೊನೆಯ ತೀರ್ಪಿನ ದಿನದ ಬಗ್ಗೆ ಉದ್ದನೆಯ ಪದ್ಯ ಬರೆದ. 224 ಚರಣ. ಮನೆಮನೆಯಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಅದರಲ್ಲಿ ಹುಟ್ಟುತ್ತಲೇ ಸತ್ತ ಕೂಸುಗಳು ದೇವರ ಮುಂದೆ ನಿಂತು ವಾದ ಮಾಡುತ್ತವೆ. ನಾವು ಏನೂ ಪಾಪ ಮಾಡಿಲ್ಲ, ಆದಾಮನ ತಪ್ಪಿಗೆ ನಮಗೇಕೆ ಶಿಕ್ಷೆ ಅಂತ. ದೇವರು ಕೇಳಿಸಿಕೊಂಡು ಅವುಗಳಿಗೆ ನರಕದಲ್ಲಿ ಎಲ್ಲಕ್ಕಿಂತ ಹಗುರವಾದ ಕೋಣೆ ಕೊಡುತ್ತಾನೆ. ನಾನು ಇದನ್ನು ಓದಿದಾಗ ನನ್ನ ಮೊಮ್ಮಗ ತೊಟ್ಟಿಲಲ್ಲಿ ಇದ್ದ. ಪುಸ್ತಕ ಮುಚ್ಚಿ ಎದ್ದು ಹೋದೆ. ಆದರೆ ಕೂಸುಗಳ ಬಾಯಿಗೆ ಆ ವಾದ ಹಾಕಿದವನೂ ಅದೇ ವಿಗಲ್ಸ್‌ವರ್ತ್ ಅಲ್ವಾ? ಅವನಿಗೂ ಎಲ್ಲೋ ಚುಚ್ಚಿರಬೇಕು.

ತಪ್ಪು ಒಪ್ಪಿಕೊಂಡವರೂ ಆ ಜನರಲ್ಲೇ ಇದ್ದರು. 1692ರಲ್ಲಿ ಸೇಲಂನಲ್ಲಿ ಮಾಟದ ಆರೋಪಕ್ಕೆ ಹತ್ತೊಂಬತ್ತು ಜನರನ್ನು ನೇಣು ಹಾಕಿದರು, ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ತೀರ್ಪು ಕೊಟ್ಟವರಲ್ಲಿ ನಾನು ಮೊದಲು ಹೇಳಿದ ಸೀವಲ್ ಕೂಡ ಒಬ್ಬ. ಐದು ವರ್ಷದ ಮೇಲೆ, 1697ರ ಜನವರಿಯಲ್ಲಿ, ತುಂಬಿದ ಚರ್ಚಿನಲ್ಲಿ ಆತ ಎದ್ದು ನಿಂತ. ಅವನು ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಪಾದ್ರಿ ಓದಿದರು. ಆ ದೋಷ ಮತ್ತು ನಾಚಿಕೆ ನನ್ನದು ಅಂತ ಅದರಲ್ಲಿತ್ತು. 1700ರಲ್ಲಿ ಮನುಷ್ಯರನ್ನು ಮಾರುವುದು ಪಾಪ ಅಂತ ಪುಸ್ತಿಕೆಯನ್ನೂ ಬರೆದ. ಆತ್ಮದ ಕಿರ್ದಿ ಬರೆಯುವವನಿಗೆ ಆ ಒಂದು ಬಾಕಿ ಬಿಟ್ಟು ಮುಂದಿನ ಪುಟಕ್ಕೆ ಹೋಗಲು ಆಗಲಿಲ್ಲ ಅಂತ ನನಗೆ ಅನಿಸುತ್ತದೆ. ಇದರಿಂದ ಸತ್ತವರು ಬರಲಿಲ್ಲ, ಅದೂ ನಿಜ.

ತಂಗಿ, ಒಂದು ಎಚ್ಚರಿಕೆ. ಹಾಥಾರ್ನ್‌ನ ಕೆಂಪು ಅಕ್ಷರದ ಕಾದಂಬರಿಯನ್ನು ("ದ ಸ್ಕಾರ್ಲೆಟ್ ಲೆಟರ್") ಪ್ಯೂರಿಟನ್ ಸಾಹಿತ್ಯ ಅಂತ ಬರೆದು ಎಷ್ಟೋ ಮಕ್ಕಳು ಅಂಕ ಕಳೆದುಕೊಂಡಿದ್ದಾರೆ. ಅದು 1850ರದ್ದು. ಸೇಲಂ ವಿಚಾರಣೆಯ ಒಬ್ಬ ನ್ಯಾಯಾಧೀಶನ ವಂಶದವನು ತಿರುಗಿ ನೋಡಿ ಬರೆದದ್ದು. ಅದಕ್ಕಿಂತ ಮೊದಲು ಮೇರಿ ರೋಲಂಡ್‌ಸನ್ ಬರೆದದ್ದು ಓದು. 1676ರಲ್ಲಿ ಮೂಲ ನಿವಾಸಿಗಳ ಜೊತೆಗಿನ ಯುದ್ಧದಲ್ಲಿ ಅವರಿಗೆ ಸೆರೆ ಸಿಕ್ಕಿ ಹನ್ನೊಂದು ವಾರ ಕಾಡಿನಲ್ಲಿ ಅಲೆದವಳು. ಆರು ವರ್ಷದ ಮಗಳು ತೊಡೆಯ ಮೇಲೆ ಸತ್ತಳು. ಎಲ್ಲದಕ್ಕೂ ಬೈಬಲ್‌ನ ವಚನ ಜೋಡಿಸುತ್ತಾಳೆ, ದೇವರು ಕಾಪಾಡಿದ ಅನ್ನುತ್ತಾಳೆ. ಆದರೆ ಪುಸ್ತಕದ ಕೊನೆಗೆ, ಹಿಂದೆ ನಾನು ರಾತ್ರಿಯಿಡೀ ನಿಶ್ಚಿಂತೆಯಿಂದ ಮಲಗುತ್ತಿದ್ದೆ, ಈಗ ಹಾಗಿಲ್ಲ ಅಂತ ಬರೆದಿದ್ದಾಳೆ. ಬ್ರಾಡ್‌ಸ್ಟ್ರೀಟ್‌ಳ ಪೆಟ್ಟಿಗೆಯ ಪಕ್ಕ ಇದನ್ನು ಇಟ್ಟು ನೋಡು. ಅವಳ ಪುಸ್ತಕದಲ್ಲಿ ಮೂಲ ನಿವಾಸಿಗಳ ಬಗ್ಗೆ ಬರುವ ಬೈಗುಳಗಳನ್ನು ಹಾವೇರಿಯವರು ಹೇಳಿದ ಹಾಗೆ ಎಚ್ಚರದಿಂದ ಓದು.

ಬೆಟಗೇರಿಯವ

ಯಾರೂ ಬನ್ಯನ್ ಹೆಸರು ತೆಗೆಯಲಿಲ್ಲ, ಅದಕ್ಕೇ ಬಂದೆ. ಅವನು ಅಮೆರಿಕದವನಲ್ಲ, ಇಂಗ್ಲೆಂಡಿನ ಪ್ಯೂರಿಟನ್. ಆದರೆ ನಮ್ಮ ಭಾಗಕ್ಕೆ ಬಂದ ಪ್ಯೂರಿಟನ್ ಪುಸ್ತಕ ಅಂದರೆ ಅವನದೇ.

ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು. ಆಮೇಲೆ ಹುಬ್ಬಳ್ಳಿ, ನಮ್ಮ ಬೆಟಗೇರಿ. ಅವರು ಪ್ಯೂರಿಟನ್ನರಲ್ಲ. ಆದರೆ ಬನ್ಯನ್‌ನ ಪುಸ್ತಕವನ್ನು ಆ ಶತಮಾನದಲ್ಲೇ "ಯಾತ್ರಿಕನ ಸಂಚಾರ" ಅಂತ ಕನ್ನಡಕ್ಕೆ ತಂದರು. ನಮ್ಮ ಮುತ್ತ್ಯಾ ಪ್ರತಿ ಭಾನುವಾರ ಸಂಜೆ ಕಟ್ಟೆಯ ಮೇಲೆ ಕೂತು ಅದನ್ನು ಜೋರಾಗಿ ಓದುತ್ತಿದ್ದರು. ಬೆನ್ನ ಮೇಲೆ ಪಾಪದ ಗಂಟು ಹೊತ್ತ ಒಬ್ಬ ಮನುಷ್ಯ ಊರು ಬಿಟ್ಟು ಹೊರಡುತ್ತಾನೆ. ಮೊದಲು ಬೀಳುವುದೇ ನಿರಾಶೆಯ ಕೆಸರಿಗೆ. ಮುತ್ತ್ಯಾ ಅಲ್ಲಿ ಪುಸ್ತಕ ಕೆಳಗಿಟ್ಟು, "ಮಳಿ ಆದ ಮ್ಯಾಲೆ ಅಣ್ಣಿಗೇರಿ ಎರಿ ಹೊಲದಾಗ ನಡದೀಯೇನು?" ಅಂತ ಕೇಳುತ್ತಿದ್ದರು. ನಡೆದವರಿಗೆ ಗೊತ್ತು. ಒಂದೊಂದು ಹೆಜ್ಜೆಗೂ ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ತೂಕ ಏರುತ್ತಾ ಹೋಗುತ್ತದೆ. ನನಗೆ ಇವತ್ತಿಗೂ ನಿರಾಶೆ ಅಂದರೆ ಕರಿ ಮಣ್ಣೇ ಕಾಣುತ್ತದೆ.

ಬನ್ಯನ್ ಪಾತ್ರೆ ರಿಪೇರಿ ಮಾಡುವವನ ಮಗ, ಅವನ ಕಸುಬೂ ಅದೇ. ಲೈಸೆನ್ಸ್ ಇಲ್ಲದೆ ಬೋಧನೆ ಮಾಡಿದ್ದಕ್ಕೆ 1660ರಲ್ಲಿ ಹಿಡಿದರು. ಇನ್ನು ಬೋಧನೆ ಮಾಡುವುದಿಲ್ಲ ಅಂತ ಒಂದು ಮಾತು ಕೊಟ್ಟಿದ್ದರೆ ಬಿಡುತ್ತಿದ್ದರು. ಕೊಡಲಿಲ್ಲ. ಬೆಡ್‌ಫರ್ಡ್ ಜೈಲಿನಲ್ಲಿ ಹನ್ನೆರಡು ವರ್ಷ ಇದ್ದ. ಹಿರಿಯ ಮಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಮನೆ ನಡೆಸಲು ಜೈಲಿನಲ್ಲೇ ಕೂತು ಲಾಡಿಗಳ ತುದಿಗೆ ತಗಡು ಕಟ್ಟಿ ಮಾರಲು ಕೊಡುತ್ತಿದ್ದ. ಆ ಕುರುಡು ಮಗಳನ್ನು ಬಿಟ್ಟು ಬರುವುದು ಮೈಯಿಂದ ಮಾಂಸ ಕಿತ್ತ ಹಾಗಿತ್ತು ಅಂತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದು 1666ರದ್ದು, ಬ್ರಾಡ್‌ಸ್ಟ್ರೀಟ್ ಮನೆ ಸುಟ್ಟ ವರ್ಷವೇ. ಯಾತ್ರಿಕನ ಪುಸ್ತಕ 1678ರಲ್ಲಿ ಬಂತು.

ಮಾಸ್ತರ್ ಹೇಳಿದ ಆ ಪ್ರಶ್ನೆ ಅವನನ್ನೂ ಬಿಡಲಿಲ್ಲ. ಒಂದು ಭಾನುವಾರ ಊರ ಬಯಲಿನಲ್ಲಿ ನಮ್ಮ ಚಿಣ್ಣಿದಾಂಡಿನಂಥ ಆಟ ಆಡುತ್ತಿದ್ದ. ಚಿಣ್ಣಿಯನ್ನು ಒಂದು ಸಲ ಹೊಡೆದು ಇನ್ನೊಂದು ಸಲ ಹೊಡೆಯುವಷ್ಟರಲ್ಲಿ, ಪಾಪ ಬಿಟ್ಟು ಸ್ವರ್ಗಕ್ಕೆ ಹೋಗುತ್ತೀಯೋ, ಇಟ್ಟುಕೊಂಡು ನರಕಕ್ಕೆ ಹೋಗುತ್ತೀಯೋ ಅಂತ ಆಕಾಶದಿಂದ ಮಾತು ಕೇಳಿದ ಹಾಗಾಯಿತು. ದಾಂಡು ಅಲ್ಲೇ ಬಿಟ್ಟು ಮೇಲೆ ನೋಡುತ್ತಾ ನಿಂತ. ಇಷ್ಟು ದೊಡ್ಡ ಪ್ರಶ್ನೆ ಆಟದ ಬಯಲಿನಲ್ಲಿ ಬರುತ್ತದೆ. ಪ್ಯೂರಿಟನ್ನರ ಸರಳ ಶೈಲಿ ಅಂತ ನೋಟ್ಸ್‌ನಲ್ಲಿ ಇದೆಯಲ್ಲ ತಂಗಿ, ನನಗೆ ಅದು ಇಲ್ಲಿ ತಿಳಿದದ್ದು. ಪಾತ್ರೆ, ಲಾಡಿ, ಕೆಸರು, ಚಿಣ್ಣಿ ಬಿಟ್ಟು ಅವನ ಹತ್ತಿರ ಬೇರೆ ಮಾತೇ ಇಲ್ಲ.

ಮಲಪ್ರಭಾ ದಂಡೆ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಎರಡು ದಿನ ಊರಿಗೆ ಹೋಗಿದ್ದೆ, ಅದಕ್ಕೇ ತಡವಾಯಿತು.

ಹಾವೇರಿ ಅಣ್ಣಾ, ನಿಮ್ಮ ಮಾತನ್ನು ಪುಸ್ತಕದ ಮೊದಲ ಪುಟದಲ್ಲೇ ಪೆನ್ಸಿಲ್‌ನಿಂದ ಬರೆದುಕೊಂಡಿದ್ದೇನೆ. ಸೆಮಿನಾರ್‌ಗೆ ಎರಡು ಬೆಂಕಿಗಳ ಬಗ್ಗೆ ಬರೆಯುತ್ತೇನೆ, 1637ರದ್ದು ಮತ್ತು 1666ರದ್ದು.

ಮಾಸ್ತರ್, ಆ ಬೇವಿನ ಮಾತನ್ನು ಅಜ್ಜಿಗೆ ಹೇಳಿದೆ. ನಗಲಿಲ್ಲ. "ನಿಮ್ಮಪ್ಪಗ ಹಚ್ಚಿದ್ದೆ. ಸೆರಗಿನಿಂದ ಒರಿಸಿ ಕುಡದಾಂವ ಅಂವಾ" ಅಂದಳು. ಆಮೇಲೆ ಕವಿತೆಯನ್ನು ನನಗೆ ಬಂದ ಕನ್ನಡದಲ್ಲಿ ಓದಿದೆ. ಬಿಡಿಸು ಅನ್ನುವ ಸಾಲು ಬಂದಾಗ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹತ್ತಿತೇನೋ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು, "ಆಕಿ ಮನಿ ಮತ್ತ ಕಟ್ಟಿದ್ರೇನು?" ಅಂತ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಕಟ್ಟಿದರಾ ಸರ್?

ಮಾಳಮಡ್ಡಿ ಮಾಸ್ತರ

ಕಟ್ಟಿದರು ತಂಗಿ. ಅದೇ ಆಂಡೋವರ್‌ನಲ್ಲಿ ಮತ್ತೆ ಮನೆ ಮಾಡಿಕೊಂಡರು. ಆಕೆ 1672ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅಜ್ಜಿಗೆ ಹೇಳು.